‘ಕಾರ್ಡ್ ಮಾಡಿಕೊಡ್ತೇವೆ’ ಅಂತ ಮನೆಗೇ ಬಂದವರು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅವ್ವ ಇಬ್ಬರೇ ನಾಪೋಕ್ಲು ಹತ್ತಿರದ ತೋಟದ ಮನೆಯಲ್ಲಿದ್ದಾರೆ. ಅಪ್ಪನಿಗೆ 76, ಸೈನ್ಯದಿಂದ ನಿವೃತ್ತರು, ಮಾಜಿ ಸೈನಿಕರಿಗೂ ಅವರ ಪತ್ನಿಗೂ ಇರುವ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದೆ. ಅವ್ವನಿಗೆ 71. ಕಳೆದ ತಿಂಗಳು ಇಬ್ಬರು ಹುಡುಗರು ಮನೆಗೆ ಬಂದು ‘ಎಪ್ಪತ್ತು ದಾಟಿದವರಿಗೆ ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಮಾಡಿಕೊಡ್ತೇವೆ’ ಎಂದರಂತೆ. ಇಬ್ಬರ ಆಧಾರ್ ಫೋಟೋ ತೆಗೆದುಕೊಂಡರು, ಯಂತ್ರದ ಮೇಲೆ ಹೆಬ್ಬೆಟ್ಟು ಇಡಿಸಿದರು, ತಲಾ 500 ರೂಪಾಯಿ ಪಡೆದು ಹೋದರು. ರಸೀದಿ ಇಲ್ಲ, ಕಾರ್ಡೂ ಬಂದಿಲ್ಲ. ಈಗ ಯಾರೋ ಫೋನ್ ಮಾಡಿ, ಕಾರ್ಡ್ ಚಾಲೂ ಆಗಲು 1,999 ರೂಪಾಯಿ ಕಟ್ಟಿ, ಒಟಿಪಿ ಹೇಳಿ ಎನ್ನುತ್ತಿದ್ದಾರೆ. ಉಚಿತ ಕಣ್ಣಿನ ಶಿಬಿರಕ್ಕೆ ವ್ಯಾನ್ ಕಳಿಸುತ್ತೇವೆ ಎಂದೂ ಹೇಳಿದ್ದಾರೆ. ಇದೆಲ್ಲ ಮೋಸವೇ? ನಾವೀಗ ಏನು ಮಾಡಬೇಕು? ಅಪ್ಪನಿಗೆ ಹೇಳಹೋದರೆ ‘ನಂಗೇನು ಅಷ್ಟೂ ಗೊತ್ತಾಗಲ್ವಾ’ ಎಂದು ರೇಗುತ್ತಾರೆ.

ಉತ್ತರ: ಆ ಫೋನ್ ಕರೆ ಮೋಸವೇ, ಅನುಮಾನ ಬೇಡ. ಮನೆಗೆ ಬಂದು ಹೋದವರ ಬಗ್ಗೆ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಕೆಲಸ ಒಂದಿದೆ.

ಅಪ್ಪ, ಅವ್ವನ ಹೆಸರಿನಲ್ಲಿರುವ ಎಲ್ಲ ಬ್ಯಾಂಕ್ ಖಾತೆಗಳ ವಿವರ ತೆಗೆಸಿ ನೋಡಿ. ಪಿಂಚಣಿ ಬರುವ ಖಾತೆಯನ್ನು ಮೊದಲು ನೋಡಿ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಖಾತೆಯಿಂದ ಹಣ ತೆಗೆಯಬಹುದು. ಒಟಿಪಿ ಬೇಕಿಲ್ಲ, ಎಟಿಎಂ ಕಾರ್ಡೂ ಬೇಕಿಲ್ಲ. ಬ್ಯಾಂಕ್ ಇಲ್ಲದ ಹಳ್ಳಿಗಳಿಗೆ ಅನುಕೂಲವಾಗಲಿ ಎಂದು ಮಾಡಿದ ವ್ಯವಸ್ಥೆ ಇದು, ಆಧಾರ್ ಮೂಲಕ ಪಾವತಿ. ಒಂದು ಬಾರಿಗೆ 10,000 ರೂಪಾಯಿ ತನಕ ಹೋಗಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಇದೇ ದಾರಿಯಲ್ಲಿ ಹಣ ಎತ್ತಿದ ದೂರುಗಳು ಸಾಲಾಗಿ ಬಂದಿದ್ದವು. ನಿಮ್ಮ ಮನೆಯಲ್ಲಿ ‘ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದು ಎಷ್ಟು ಸಲ ಹೆಬ್ಬೆಟ್ಟು ಇಡಿಸಿದರು, ಕೇಳಿ ನೋಡಿ. ಕೆಲಸ ಮಾಡಿದ ಕೈಗಳಲ್ಲಿ ಗೆರೆ ಸವೆದಿರುತ್ತದೆ, ಎರಡು ಸಲ ಇಡಿಸುವುದು ಸಹಜ. ಆದರೆ ಆ ಎರಡನೇ ಸಲ ಒತ್ತಿಸಿದ್ದು ಯಾವ ಕೆಲಸಕ್ಕೆ ಎನ್ನುವುದು ಒತ್ತಿದವರಿಗೆ ಕಾಣುವುದಿಲ್ಲ.

ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಹಣ ಹೋಗದಿದ್ದರೂ ಇಬ್ಬರ ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಸಿ. ಆಧಾರ್ ಆ್ಯಪ್‌ನಲ್ಲಿ ಆಗುತ್ತದೆ, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಪಡಿತರ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಹೆಬ್ಬೆಟ್ಟು ಬೇಕಾದ ದಿನ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಬಹುದು. ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ಆ ಹುಡುಗರು ಬಂದ ದಿನಾಂಕದ ಸಾಲುಗಳನ್ನು ನೋಡಿ. ಎಷ್ಟು ಸಲ, ಯಾವ ಸಂಸ್ಥೆಯ ಹೆಸರಿನಲ್ಲಿ ದೃಢೀಕರಣವಾಗಿದೆ ಎನ್ನುವುದು ಗೊತ್ತಾಗುತ್ತದೆ.

ಇನ್ನು ಆ 1,999 ರೂಪಾಯಿ. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಯೋಜನೆಯ ಹೆಸರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಅದರಲ್ಲಿ ನಾವು ಕಟ್ಟುವ ಪ್ರೀಮಿಯಂ ಅಂತ ಏನೂ ಇಲ್ಲ. ನಾವೆಲ್ಲ ‘ವಿಮೆ’ ಎನ್ನುತ್ತೇವೆ, ಆದರೆ ನಮ್ಮ ರಾಜ್ಯದಲ್ಲಿ ನಡುವೆ ವಿಮಾ ಕಂಪನಿಯೇ ಇಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ಹಣ ಕೊಡುತ್ತದೆ. ಹಾಗಾಗಿ ನವೀಕರಣ ಶುಲ್ಕ ಇಲ್ಲ, ಬೋನಸ್ ಇಲ್ಲ, ‘ಪಾಲಿಸಿ ಲ್ಯಾಪ್ಸ್’ ಆಗುವ ಮಾತೇ ಇಲ್ಲ. ಈ ಯೋಜನೆಯ ಹೆಸರು ಹೇಳಿ ಇವುಗಳಲ್ಲಿ ಯಾವುದನ್ನಾದರೂ ಫೋನಿನಲ್ಲಿ ಕೇಳಿದರೆ ಇಟ್ಟುಬಿಡಿ. ವಾಟ್ಸ್ಆ್ಯಪ್‌ನಲ್ಲಿ ‘ಆಯುಷ್ಮಾನ್ ಕಾರ್ಡ್’ ಎಂದು ಎಪಿಕೆ ಕಡತ (ಫೋನಿಗೆ ಆ್ಯಪ್ ಹಾಕುವ ಕಡತ) ಬಂದರೆ ಮುಟ್ಟಬೇಡಿ. ಅದನ್ನು ಒತ್ತಿದರೆ ಫೋನೇ ಅವರ ಕೈಗೆ ಹೋಗುತ್ತದೆ.

‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನನಗೆ ಈ ಸಲಹೆ ಅಷ್ಟಾಗಿ ಹಿಡಿಸುವುದಿಲ್ಲ. ಯಾಕೆಂದರೆ ಅದನ್ನು ಪಾಲಿಸಲು ಆಗುವುದಿಲ್ಲ. ಗ್ರಾಮ ಒನ್‌ಗೆ ಹೋದರೆ ಒಟಿಪಿ ಕೇಳುತ್ತಾರೆ, ಹೇಳಲೇಬೇಕು. ಆಸ್ಪತ್ರೆಯ ಕೌಂಟರಿನಲ್ಲೂ ಕೇಳಬಹುದು. ಹತ್ತು ಕಡೆ ಒಟಿಪಿ ಹೇಳಿಯೇ ಕೆಲಸ ಮಾಡಿಸಿಕೊಂಡ ಹಿರಿಯರಿಗೆ ಹನ್ನೊಂದನೆಯದು ಮೋಸ ಅಂತ ಹೇಗೆ ಗೊತ್ತಾಗಬೇಕು? ನಾನು ಹೇಳುವುದು ಬೇರೆ: ನಾವಾಗಿ ಹೋದದ್ದಾ, ಅವರಾಗಿ ಬಂದದ್ದಾ ಅಂತ ನೋಡಿ. ನಾವು ಒಂದು ಕೆಲಸಕ್ಕೆ ಹೋಗಿ, ಕೌಂಟರಿನ ಎದುರು ಕೂತಿರುವಾಗ ಬಂದ ಒಟಿಪಿ ಹೇಳಬಹುದು, ಅದೂ ಮೆಸೇಜಿನಲ್ಲಿ ಏನಿದೆ ಎಂದು ಓದಿದ ಮೇಲೆ. ಅವರಾಗಿ ಫೋನ್ ಮಾಡಿದರೆ, ಅವರಾಗಿ ಗೇಟು ತೆರೆದು ಬಂದರೆ, ಒಟಿಪಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ.

ಆಶಾ ಕಾರ್ಯಕರ್ತೆಯರೂ ಮನೆಗೇ ಬರುತ್ತಾರಲ್ಲ ಎನ್ನಬಹುದು. ಬರುತ್ತಾರೆ, ನಿಜ. ಆದರೆ ಅವರು ಊರಿಗೆ ಗೊತ್ತಿರುವವರು, ಕಾರ್ಡಿಗೆಂದು ದುಡ್ಡು ಕೇಳುವವರಲ್ಲ. ಹೊಸ ಮುಖ ಬಂದರೆ ‘ಒಂದು ನಿಮಿಷ ಕೂತಿರಿ, ಆಶಾ ಅವರಿಗೆ ಫೋನ್ ಮಾಡ್ತೇನೆ’ ಅಂದರೆ ಸಾಕು. ನಿಜವಾದ ಸಿಬ್ಬಂದಿಗೆ ಇದರಿಂದ ಬೇಜಾರಾಗುವುದಿಲ್ಲ. ಬೇರೆಯವರಿಗೆ ಆಗ ಇನ್ನೊಂದು ಮನೆಯ ಕೆಲಸ ನೆನಪಾಗುತ್ತದೆ. ‘ಇವತ್ತೇ ಕೊನೇ ದಿನ, ಸರ್ವರ್ ಮತ್ತೆ ಸಿಗಲ್ಲ’ ಎನ್ನುವ ಮಾತು ಕೊಡಗಿನಲ್ಲಿ ಬೇಗ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೂ ನೆಟ್‌ವರ್ಕೂ ಇಲ್ಲದೆ ಕೂತವರಿಗೆ ಸರ್ವರ್ ಸಿಗುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತು, ಅಲ್ವಾ?

ನೀವು ಕೇಳದೇ ಇರುವ, ಆದರೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬ್ಯಾಂಕಿನಿಂದ ಹಣ ಹೋದರೆ ನಾಳೆಯೇ ಗೊತ್ತಾಗುತ್ತದೆ. ಕಾರ್ಡಿನಿಂದ ಹೋದರೆ ವರ್ಷವಾದರೂ ಗೊತ್ತಾಗದಿರಬಹುದು. ಜೇಬಿನಿಂದ ಒಂದು ರೂಪಾಯಿಯೂ ಹೋಗಿರುವುದಿಲ್ಲ. ಯಾವುದೋ ಆಸ್ಪತ್ರೆಯಲ್ಲಿ ನಿಮ್ಮ ಅವ್ವ ಐದು ದಿನ ಒಳರೋಗಿಯಾಗಿದ್ದರು ಎಂದು ಕಾಗದದಲ್ಲಿರುತ್ತದೆ. ಅವ್ವ ಆ ಐದು ದಿನವೂ ಕಣದಲ್ಲಿ ಕಾಫಿ ಹರವುತ್ತಿದ್ದಿರಬಹುದು. ನಿಜವಾಗಿ ಆಸ್ಪತ್ರೆ ಬೇಕಾದ ದಿನ ಕಾರ್ಡ್ ತೆಗೆದರೆ ಮಿತಿ ಕಡಿಮೆಯಾಗಿದೆ ಎನ್ನುತ್ತಾರೆ. ಇಲ್ಲವೇ ‘ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆಯಲ್ಲ’ ಎಂದು ಕೇಳುತ್ತಾರೆ. ಇಲ್ಲದ ಕಾಯಿಲೆ ದಾಖಲೆಯಲ್ಲಿ ಸೇರಿಕೊಂಡರೆ ಮುಂದಿನ ವೈದ್ಯರಿಗೂ ದಾರಿ ತಪ್ಪುತ್ತದೆ. ಐದು ಲಕ್ಷ ಎನ್ನುವುದು ಇಡೀ ಕುಟುಂಬಕ್ಕೆ ವರ್ಷಕ್ಕೆ ಇರುವ ಮಿತಿ (70 ದಾಟಿದವರ ಕಾರ್ಡಿನಲ್ಲಿ, ಆ ಮನೆಯ 70 ದಾಟಿದವರೆಲ್ಲರಿಗೆ), ಒಬ್ಬರ ಹೆಸರಿನಲ್ಲಿ ಕದ್ದರೂ ಅದನ್ನು ಹಂಚಿಕೊಳ್ಳುವ ಎಲ್ಲರಿಗೂ ಕಡಿಮೆಯಾಗುತ್ತದೆ.

ಇದು ಗೊತ್ತಾಗದೆ ನಡೆಯಲು ಒಂದು ಕಾರಣ, ಕಾರ್ಡಿಗೆ ಜೋಡಿಸಿದ ಮೊಬೈಲ್ ನಂಬರು. ಕೇಂದ್ರದ ಮಹಾಲೇಖಪಾಲರ ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂತು. 9999999999 ಎನ್ನುವ ಒಂದೇ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದರು ಎಂದು ಅದರಲ್ಲಿತ್ತು. ಸತ್ತಿದ್ದಾರೆ ಎಂದು ಮೊದಲೇ ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಆ ಹತ್ತು ಒಂಬತ್ತುಗಳನ್ನು ಒತ್ತಿದವರೆಲ್ಲ ಕಳ್ಳರು ಅಂತಲ್ಲ, ಎಷ್ಟೋ ಕಡೆ ಸುಮ್ನೆ ಸೋಮಾರಿತನ. ಆದರೆ ಪರಿಣಾಮ ಒಂದೇ. ಕಾರ್ಡ್ ಬಳಕೆಯಾದಾಗ ಬರಬೇಕಾದ ಮೆಸೇಜು ಕಾರ್ಡಿನ ಒಡೆಯರಿಗೆ ಬರುವುದೇ ಇಲ್ಲ.

ಆದ್ದರಿಂದ ಈ ವಾರ ಅಪ್ಪ, ಅವ್ವ ಇಬ್ಬರ ಹೆಸರಿನಲ್ಲೂ ಕಾರ್ಡ್ ಆಗಿದೆಯೇ, ಆಗಿದ್ದರೆ ಅದರಲ್ಲಿರುವ ಮೊಬೈಲ್ ನಂಬರು ಯಾರದು ಎಂದು ನೋಡಿಸಿ. ಗ್ರಾಮ ಒನ್‌ನಲ್ಲಿ ನೋಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರು (ಈ ಯೋಜನೆಯ ಸಹಾಯಕ ಸಿಬ್ಬಂದಿ) ಇರುತ್ತಾರೆ, ಅಲ್ಲೂ ಕೇಳಬಹುದು. 14555 ಕೇಂದ್ರದ ಸಹಾಯವಾಣಿ, 104 ನಮ್ಮ ರಾಜ್ಯದ ಆರೋಗ್ಯ ಸಹಾಯವಾಣಿ. ನಂಬರು ಬೇರೆಯವರದಾಗಿದ್ದರೆ ಬದಲಾಯಿಸಿ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ನಿಮ್ಮ ನಂಬರು ಇರುವುದೇ ವಾಸಿ. ತೋಟದ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಯಾವುದೋ ಒಂದು ಮೂಲೆಯಲ್ಲಿ, ಮೆಸೇಜು ಓದಲು ಕನ್ನಡಕ ಬೇಕು, ಓದಿದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಬೆಂಗಳೂರಿನಲ್ಲಿರುವ ನಿಮಗೆ ಬಂದರೆ ಆ ಕ್ಷಣವೇ ಅವ್ವನಿಗೆ ಫೋನ್ ಮಾಡಿ ‘ಆಸ್ಪತ್ರೆಗೆ ಹೋಗಿದ್ದೀರಾ?’ ಎಂದು ಕೇಳಬಹುದು.

ಹಾಗೇ ನಿಮ್ಮ ತೋಟದ ಲೈನ್ ಮನೆಗಳಲ್ಲಿರುವ ವಯಸ್ಸಾದ ಕಾರ್ಮಿಕರ ಕಾರ್ಡನ್ನೂ ಒಮ್ಮೆ ನೋಡಿ. ಅವರದ್ದು ಬಿಪಿಎಲ್ ಕಾರ್ಡ್ ಆಗಿರುವುದರಿಂದ ಪೂರ್ತಿ ಐದು ಲಕ್ಷದ ಸೌಲಭ್ಯ, ಹಾಗಾಗಿ ಕಳ್ಳರ ಕಣ್ಣು ಅಲ್ಲೇ ಜಾಸ್ತಿ. ಎಷ್ಟೋ ಜನರ ಕಾರ್ಡಿಗೆ ಮೇಸ್ತ್ರಿಯ ನಂಬರೋ, ಯಾವತ್ತೋ ಬಂದ ಏಜೆಂಟನ ನಂಬರೋ ಸೇರಿರುತ್ತದೆ. ಆದಿವಾಸಿಗಳ ಹಾಡಿಗಳಲ್ಲೂ ಇದೇ ಕಥೆ.

ಈಗ ಅಪ್ಪನ ವಿಷಯ. ಕೊಡಗಿನಲ್ಲಿ ಈ ಪ್ರಶ್ನೆ ಬಹಳ ಮನೆಗಳದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಸೌಲಭ್ಯ ಎಂದು ಕೇಂದ್ರ ಸರ್ಕಾರ ಆರಂಭಿಸಿದ್ದು 2024ರ ಅಕ್ಟೋಬರ್ 29ರಂದು. ‘ಆಯುಷ್ಮಾನ್ ವಯ ವಂದನಾ’ ಎಂದು ಅದರ ಹೆಸರು. ಅಂದರೆ ಆ ಹುಡುಗರು ಹೇಳಿದ ಯೋಜನೆ ಸುಳ್ಳಲ್ಲ. ಒಳ್ಳೆಯ ಮೋಸ ಯಾವಾಗಲೂ ನಿಜವಾದ ಯೋಜನೆಯ ಬೆನ್ನಿಗೇ ಬರುತ್ತದೆ. ಆದರೆ ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬ ನಿಯಮ ಇದೆ. ಸಿಜಿಎಚ್‌ಎಸ್‌ನವರಿಗೂ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯವರಿಗೂ) ಹಾಗೇ. ಇಸಿಎಚ್‌ಎಸ್‌ನಲ್ಲಿ ಚಿಕಿತ್ಸೆ ವೆಚ್ಚಕ್ಕೆ ಐದು ಲಕ್ಷದ ಮಿತಿ ಇಲ್ಲ. ಪಾಲಿಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯೂ ಸಿಗುತ್ತದೆ. ಆಯುಷ್ಮಾನ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ನಿಮ್ಮ ಅಪ್ಪ, ಅವ್ವನ ಸ್ಥಿತಿಯಲ್ಲಿ ಇಸಿಎಚ್‌ಎಸ್ ಬಿಟ್ಟು ಬೇರೆಯದಕ್ಕೆ ಹೋಗುವುದು ನಷ್ಟ ಎಂದೇ ನನ್ನ ಲೆಕ್ಕ.

ಆ ಹುಡುಗರು ಅರ್ಜಿಯಲ್ಲಿ ಏನು ಗುರುತು ಹಾಕಿದರು ಎನ್ನುವುದು ಇಲ್ಲಿ ಮುಖ್ಯವಾಗುತ್ತದೆ. ‘ನನಗೆ ಬೇರೆ ಯೋಜನೆ ಇಲ್ಲ’ ಎಂದೋ, ‘ಆಯುಷ್ಮಾನ್ ಆರಿಸಿಕೊಂಡಿದ್ದೇನೆ’ ಎಂದೋ ಅಪ್ಪನ ಪರವಾಗಿ ಒತ್ತಿರಬಹುದು. ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಇಬ್ಬರ ಕಾರ್ಡ್ ಹಿಡಿದು ಹೋಗಿ, ಎರಡೂ ಚಾಲ್ತಿಯಲ್ಲಿವೆಯೇ ಎಂದು ಪರಿಶೀಲಿಸಲು ಹೇಳಿ. ಅಪ್ಪನ ಒಪ್ಪಿಗೆ ಇಲ್ಲದೆ ಇನ್ನೊಂದು ಕಾರ್ಡಿಗೆ ನೋಂದಣಿ ನಡೆದಿದೆ ಎಂದು ಒಂದು ಪುಟದ ಪತ್ರ ಬರೆದು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಈ ಕಾಗದ ಕೈ ಹಿಡಿಯುತ್ತದೆ.

ಕಣ್ಣಿನ ಶಿಬಿರಕ್ಕೆ ಹೋಗಬೇಕೇ? ಈ ವ್ಯಾನಿಗೆ ಹತ್ತಬೇಡಿ. ಉಚಿತ ಶಿಬಿರಗಳೆಲ್ಲ ಕೆಟ್ಟವು ಎನ್ನುತ್ತಿಲ್ಲ. ಸರ್ಕಾರದವರು, ಒಳ್ಳೆಯ ಸಂಸ್ಥೆಗಳವರು ವರ್ಷಗಳಿಂದ ನಡೆಸುತ್ತಿದ್ದಾರೆ, ಎಷ್ಟೋ ಜನರಿಗೆ ಕಣ್ಣು ಬಂದಿದೆ. ಆದರೆ ಕಣ್ಣು ಪರೀಕ್ಷೆಗೆ ಬೇಕಾಗಿರುವುದು ಕಣ್ಣು ಮಾತ್ರ. ಪರೀಕ್ಷೆಗೆ ಮೊದಲೇ ಆಯುಷ್ಮಾನ್ ಕಾರ್ಡ್ ಕೊಡಿ, ಹೆಬ್ಬೆಟ್ಟು ಇಡಿ, ಖಾಲಿ ಫಾರಂಗೆ ಸಹಿ ಮಾಡಿ ಎಂದರೆ ಎದ್ದು ಬನ್ನಿ. ಪೊರೆ ಬಂದಿದೆಯೇ ಎಂದು ನೋಡಿಸಲು ಅಪ್ಪ, ಅವ್ವನಿಗೆ ಪಾಲಿಕ್ಲಿನಿಕ್ ಇದೆ. ಉಳಿದವರಿಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಶುಕ್ರವಾರ ಸಂತೆಗೆ ಬಂದವರು ಹಾಗೇ ತೋರಿಸಿಕೊಂಡು ಹೋಗಬಹುದು.

ಆಸ್ಪತ್ರೆಗಳಲ್ಲಿ ನಡೆಯುವ ಮೋಸಕ್ಕೆ ಕೆಲವು ರೂಪಗಳಿವೆ. ಬರೀ ಜ್ವರಕ್ಕೆ ಬಂದವರನ್ನು ದೊಡ್ಡ ಕಾಯಿಲೆಯ ಪ್ಯಾಕೇಜಿನಲ್ಲಿ (ಒಂದು ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ತೋರಿಸುವುದು. ಹೊರರೋಗಿಯನ್ನು ಒಂದು ರಾತ್ರಿ ಮಲಗಿಸಿ ಐದು ದಿನ ಬರೆಯುವುದು. ರೋಗಿಯಿಂದಲೂ ಹಣ ಕಟ್ಟಿಸಿಕೊಂಡು ಟ್ರಸ್ಟಿನಿಂದಲೂ ಪಡೆಯುವುದು. ಈ ಮೂರನೆಯದು ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಯಾಕೆಂದರೆ ಹಣ ಕೊಟ್ಟವರಿಗೆ ತಾವು ಕೊಡಬೇಕಾಗಿಯೇ ಇರಲಿಲ್ಲ ಎನ್ನುವುದು ಗೊತ್ತಿರುವುದಿಲ್ಲ. ‘ಈ ಇಂಜೆಕ್ಷನ್ ಸ್ಕೀಮಲ್ಲಿ ಬರಲ್ಲ, ಹೊರಗಿಂದ ತನ್ನಿ’ ಎಂದಾಗ ಮಾತು ಬೆಳೆಸಬೇಡಿ, ‘ಬರಲ್ಲ ಅಂತ ಬರೆದು ಕೊಡಿ’ ಎನ್ನಿ. ಬರೆದು ಕೊಡಲು ಯಾರೂ ಮುಂದೆ ಬರುವುದಿಲ್ಲ, ಇಂಜೆಕ್ಷನ್ ಮಾತ್ರ ಬರುತ್ತದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಬಿಡುಗಡೆಯ ದಿನ ಡಿಸ್ಚಾರ್ಜ್ ಪತ್ರ ಓದಿಸಿ ಸಹಿ ಮಾಡಿ: ಸೇರಿದ ದಿನ, ಬಿಟ್ಟ ದಿನ, ಕಾಯಿಲೆಯ ಹೆಸರು, ಮಾಡಿದ ಚಿಕಿತ್ಸೆ. ಈ ನಾಲ್ಕು ಸರಿಯಿದ್ದರೆ ಆಯಿತು. ಕಾರ್ಡನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬೇಡಿ. ಇಸಿಎಚ್‌ಎಸ್‌ಗೂ ಇದೇ ಮಾತು. ‘ಸರ್, ಇಲ್ಲೊಂದು, ಇಲ್ಲೊಂದು ಸಹಿ’ ಎಂದು ಖಾಲಿ ಬಿಲ್ ಮುಂದಿಟ್ಟಾಗ ನಮ್ಮ ಮಾಜಿ ಸೈನಿಕರು ಮರ್ಯಾದೆಗೆ ಒತ್ತಿಬಿಡುತ್ತಾರೆ.

ಎಲ್ಲವನ್ನೂ ಮೋಸ ಎಂದುಕೊಂಡು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲುವುದೂ ಬೇಡ. 70 ದಾಟದವರ ಮಾತಿಗೆ ಬಂದರೆ, ಎಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ತನಕ. ಉಳಿದದ್ದು ನಾವೇ ಕಟ್ಟಬೇಕು. ಕೊಡಗಿನಲ್ಲಿ ತೋಟವಿರುವ ಹಲವು ಮನೆಗಳು ಎಪಿಎಲ್. ‘ಐದು ಲಕ್ಷ ಫ್ರೀ ಅಂದಿದ್ದರು’ ಎಂದು ಮೈಸೂರಿನ ಕೌಂಟರಿನಲ್ಲಿ ಕೂಗಾಡಿದವರನ್ನು ನೋಡಿದ್ದೇನೆ, ಪಾಪ, ಅವರಿಗೆ ಹಾಗೆ ಹೇಳಿ ಕಳಿಸಿದವರು ಯಾರೋ. ತುರ್ತು ಇಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎನ್ನುವುದೂ ನಿಯಮವೇ. ಅದನ್ನು ಕೇಳಿದವರು ಸತಾಯಿಸುತ್ತಿಲ್ಲ. ‘ರೆಫರಲ್ ನಾವೇ ನೋಡ್ಕೋತೇವೆ, ನೀವು ಸಹಿ ಮಾತ್ರ ಹಾಕಿ’ ಎಂದವರ ಬಗ್ಗೆ ಎಚ್ಚರ ಇರಲಿ. ಇನ್ನು 500 ರೂಪಾಯಿ ಎಂದ ತಕ್ಷಣ ನನಗೆ ಹೊಳೆದದ್ದು ಯಶಸ್ವಿನಿ. ಸಹಕಾರ ಸಂಘದ ಸದಸ್ಯರ ಆ ಯೋಜನೆಗೆ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ಇಟ್ಟು ಮತ್ತೆ ಶುರು ಮಾಡಿದ್ದರು. ಅಪ್ಪ ಅದನ್ನೂ ಇದನ್ನೂ ಒಂದೇ ಎಂದುಕೊಂಡು ಕೊಟ್ಟಿರಬಹುದು. ಯಶಸ್ವಿನಿಯ ಹಣ ಕಟ್ಟುವುದು ಸಂಘದಲ್ಲಿ, ರಸೀದಿಯೊಂದಿಗೆ. ಆಯುಷ್ಮಾನ್ ನೋಂದಣಿಗೆ ಶುಲ್ಕವೇ ಇಲ್ಲ. ಹಾಗಾಗಿ ಮನೆಗೆ ಬಂದ ಹುಡುಗರು ತಲಾ 500 ಪಡೆದದ್ದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಅಪ್ಪನಿಗೆ ಹೇಳುವುದು ಹೇಗೆ? ‘ನಿಮಗೆ ಮೋಸ ಆಗಿದೆ’ ಎಂದು ಶುರು ಮಾಡಬೇಡಿ. ಆ ವಾಕ್ಯ ಕೇಳಿದ ಮೇಲೆ ಮುಂದಿನದು ಯಾವುದೂ ಕಿವಿಗೆ ಹೋಗುವುದಿಲ್ಲ. ಮನೆಗೆ ಬಂದವರನ್ನು ಕೂರಿಸಿ ಕಾಫಿ ಕೊಟ್ಟು ಕಳಿಸುವುದು ಅವರ ರೀತಿ. ಮೋಸಗಾರರು ಬಳಸಿಕೊಂಡದ್ದು ಆ ಸೌಜನ್ಯವನ್ನು, ಅಪ್ಪನ ದಡ್ಡತನವನ್ನಲ್ಲ. ಒಂದು ಕೆಲಸ ಒಪ್ಪಿಸಿ ನೋಡಿ. ‘ಅಪ್ಪ, ಊರಲ್ಲಿ ಇನ್ನೂ ಯಾರ ಮನೆಗೆ ಬಂದಿದ್ದರು ಅಂತ ಸ್ವಲ್ಪ ವಿಚಾರಿಸ್ತೀರಾ? ಪೊಲೀಸರಿಗೆ ಕೊಡಲು ಬೇಕು’ ಎನ್ನಿ. ಸೈನ್ಯದಲ್ಲಿದ್ದವರಿಗೆ ವಿಚಾರಣೆಯ ಕೆಲಸ ಕೊಟ್ಟರೆ ಬೇಡ ಅನ್ನುವುದಿಲ್ಲ. ಸಂಜೆಯೊಳಗೆ ಪಟ್ಟಿ ತಯಾರಾಗಿರುತ್ತದೆ. ಅವರಿಗೆ ತಮ್ಮ ಮನೆ ಒಂದೇ ಅಲ್ಲ ಎನ್ನುವುದೂ ಆಗ ತಾನಾಗಿ ಗೊತ್ತಾಗುತ್ತದೆ.

ಆ ಪಟ್ಟಿ ನಿಜವಾಗಿಯೂ ಬೇಕಾಗುತ್ತದೆ. ಒಬ್ಬರ ದೂರು 500 ರೂಪಾಯಿಯ ದೂರು. ಹದಿನೈದು ಮನೆಯವರು ಸೇರಿ ಕೊಟ್ಟರೆ ಅದರ ತೂಕವೇ ಬೇರೆ. ಬಂದ ದಿನ, ವಾಹನದ ನಂಬರು ಯಾರಾದರೂ ನೋಡಿದ್ದರೆ ಅದು, ಫೋನ್ ಬಂದ ನಂಬರು, ಆಧಾರ್ ಬಳಕೆಯ ಪಟ್ಟಿಯ ಪ್ರತಿ, ಇಷ್ಟನ್ನು ನಾಪೋಕ್ಲು ಠಾಣೆಗೆ ಅಥವಾ ಮಡಿಕೇರಿಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಕೊಡಿ. ಅದರದ್ದೇ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಕೊಡಿ. ಯಾಕೆಂದರೆ ಪೊಲೀಸರು ಹಣದ ಹಿಂದೆ ಹೋಗುತ್ತಾರೆ, ಕಾರ್ಡನ್ನು ತಡೆಹಿಡಿದು ಹಳೆಯ ಕ್ಲೇಮ್ ತೆಗೆದು ನೋಡಬೇಕಾದವರು ಆರೋಗ್ಯ ಇಲಾಖೆಯವರು ಮತ್ತು ಟ್ರಸ್ಟಿನವರು. 14555ಕ್ಕೆ ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಊರಿನಲ್ಲಿ ಮಕ್ಕಳು ಹತ್ತಿರ ಇಲ್ಲದ ಹಿರಿಯರಿಗೆ 14567 ಎನ್ನುವ ಹಿರಿಯರ ಸಹಾಯವಾಣಿಯ ನಂಬರನ್ನೂ ಕೊಡಿ.

ಮತ್ತೆ ಆ 1,999ರ ಕರೆ ಬಂದರೆ ಅಪ್ಪ ಬೈದು ಇಡುವುದು ಬೇಡ. ‘ಮಗಳ ನಂಬರಿಗೆ ಮಾಡಿ, ಅವಳೇ ಕಟ್ಟೋದು’ ಎಂದು ನಿಮ್ಮ ನಂಬರು ಕೊಡಲಿ. ಕರೆ ಬಂದ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ನೀವೇ ದಾಖಲಿಸಿ.